ರೊಕ್ಕ ಸಣ್ಣದಿರಲಿ, ತಾಟು ತುಂಬಿರಲಿ

‘ತಿಂಗಳ ಕೊನಿ ಬಂತು ನೋಡ್ರಿ ವೈನಿ, ಬ್ಯಾಳಿ ಡಬ್ಬಿ ಖಾಲಿ. ಸಾರಿಗೆ ನೀರ ಹಾಕೂದು, ಇನ್ನೇನ ಮಾಡೂದು?’

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ... ಯಾವ ಊರಿನ ಓಣಿಗೆ ಹೋದರೂ ಕಟ್ಟೆಯ ಮೇಲೆ ಕುಂತವರ ಬಾಯಲ್ಲಿ ಈ ಮಾತು ಕೇಳುತ್ತದೆ. ರೊಕ್ಕ ಕಡಿಮೆ ಬಿದ್ದಾಗ ನಾವು ಮೊದಲು ಕೈ ಹಾಕುವುದು ಬೇಳೆಗೆ. ಆಮೇಲೆ ತಪ್ಪಲುಪಲ್ಯಕ್ಕೆ, ಕೊನೆಗೆ ಮೊಸರಿಗೆ. ಮಕ್ಕಳ ಕುರುಕುಲು ಪಾಕೀಟು, ದಿನಕ್ಕೆ ನಾಲ್ಕು ಸಲದ ಚಹಾ, ಕರಿದ ಭಜಿ ಮಾತ್ರ ಹಾಗೇ ಮುಂದುವರಿಯುತ್ತವೆ! ಲೆಕ್ಕ ತಪ್ಪುವುದೇ ಇಲ್ಲಿ. ಖರ್ಚು ಇಳಿಸಬೇಕು ನಿಜ. ಆದರೆ ಯಾವುದನ್ನು ಇಳಿಸಬೇಕು ಅನ್ನುವುದು ಮುಖ್ಯ.

ನಮ್ಮದು ಮಳೆ ನಂಬಿ ಬದುಕಿದ ನಾಡು. ‘ಡೋಣಿ ಬೆಳೆದರೆ ಓಣಿ ತುಂಬ ಕಾಳು’ ಅನ್ನುವ ಮಾತು ಇಲ್ಲಿಯದೇ. ಡೋಣಿ ಬೆಳೆಯದ ವರ್ಷವೂ ನಮ್ಮ ಅಜ್ಜಿಯರು ಒಲೆ ಹಚ್ಚಿದರಲ್ಲ! ಜೋಳದ ರೊಟ್ಟಿ, ಕಾಳಿನ ಪಲ್ಯ, ಒಂದು ಹಿಂಡಿ, ಮಜ್ಜಿಗೆ. ಬಡವರ ಊಟ ಎಂದು ನಾವು ಬದಿಗಿಟ್ಟ ಆ ತಾಟು ಪೌಷ್ಟಿಕತೆಯಲ್ಲಿ ಏನೂ ಕಡಿಮೆ ಇಲ್ಲ.

ಅಕ್ಕಿ ಇರಲಿ, ಜೋಳ ಬಿಡಬ್ಯಾಡ್ರಿ

2013ರಲ್ಲಿ ಅನ್ನಭಾಗ್ಯ ಬಂದ ಮೇಲೆ ಎಷ್ಟೋ ಮನೆಗಳಿಗೆ ಹಸಿವಿನ ಚಿಂತೆ ತಪ್ಪಿತು. ಒಳ್ಳೆಯದೇ ಆಯಿತು. ಆದರೆ ಮೂರೂ ಹೊತ್ತು ಅನ್ನ, ತಿಳಿಸಾರು ಆದರೆ ಹೊಟ್ಟೆ ತುಂಬುತ್ತದೆ, ಮೈಗೆ ಹತ್ತುವುದಿಲ್ಲ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 8 ಗ್ರಾಂ ಪ್ರೋಟೀನ್ ಇದ್ದರೆ ಜೋಳದಲ್ಲಿ ಸುಮಾರು 10, ತೊಗರಿಬೇಳೆಯಲ್ಲಿ 21-22 ಗ್ರಾಂ ಇರುತ್ತದೆ. ನಾರಿನಂಶವೂ ಜೋಳದಲ್ಲೇ ಹೆಚ್ಚು. ಅದಕ್ಕೇ ಒಂದು ಹೊತ್ತಾದರೂ ರೊಟ್ಟಿ ಇರಲಿ. ಅನ್ನ ಮಾಡುವ ಹೊತ್ತಿಗೆ ಮೂರು ವಾಟಿ ಅಕ್ಕಿಗೆ ಒಂದು ವಾಟಿ ಹೆಸರುಬೇಳೆ ಹಾಕಿ ಖಿಚಡಿ ಮಾಡಿ. ಅನ್ನ ಬಸಿಯುವವರು ಗಂಜಿ ಚೆಲ್ಲಬೇಡಿ, ಸಾರಿಗೆ ಸೇರಿಸಿ.

ಸುಗ್ಗಿಯಲ್ಲೇ ಸಂತಿ

ತೊಗರಿ ಮನೆಗೆ ಬರುವುದು ಡಿಸೆಂಬರ್-ಜನವರಿಗೆ, ಹಿಂಗಾರಿ ಜೋಳ ಫೆಬ್ರುವರಿ-ಮಾರ್ಚಿಗೆ. ಧಾರಣೆ ಸಾಮಾನ್ಯವಾಗಿ ಇಳಿಯುವುದೂ ಆಗಲೇ. ಅಂಗಡಿಯಲ್ಲಿ ಅರ್ಧ ಕಿಲೋ, ಪಾವು ಕಿಲೋ ತರುತ್ತ ಹೋದರೆ ವರ್ಷದ ಕೊನೆಗೆ ಹೆಚ್ಚು ರೊಕ್ಕ ಕೊಟ್ಟಿರುತ್ತೀರಿ. ‘ಒಮ್ಮೆಲೇ ಚೀಲ ತರಾಕ ರೊಕ್ಕ ಎಲ್ಲಿಂದ ತರೂದ್ರಿ?’ ಅಂತೀರಾ? ಓಣಿಯ ನಾಲ್ಕು ಮನೆಯವರು ಕೂಡಿ ಒಂದು ಚೀಲ ಕೊಂಡು ಹಂಚಿಕೊಳ್ಳಿ. ಸ್ವಸಹಾಯ ಸಂಘದಲ್ಲಿದ್ದರೆ ಸಣ್ಣ ಸಾಲ ಎತ್ತಲು ಸುಗ್ಗಿಯೇ ಸರಿಯಾದ ಹೊತ್ತು. ಕಾಳನ್ನು ಹಲ್ಲಿಗೆ ಕಟಕ್ ಅನ್ನುವಷ್ಟು ಬಿಸಿಲಿಗೆ ಒಣಗಿಸಿ, ಆರಿದ ಮೇಲೆ ಒಣಗಿದ ಬೇವಿನ ಎಲೆ ಹಾಕಿ ಮುಚ್ಚಿಡಿ.

ಬ್ಯಾಳಿ ತುಟ್ಟಿ ಆದ್ರ ಕಾಳು ಬದಲಿಸ್ರಿ

ತೊಗರಿಬೇಳೆ ತುಟ್ಟಿಯಾದಾಗ ಸಾರಿಗೆ ನೀರು ಹೆಚ್ಚಿಸುವ ಬದಲು ಮಡಕಿ, ಹೆಸರು, ಹುರುಳಿ ಯಾವುದು ಅಗ್ಗವೋ ಅದನ್ನು ತನ್ನಿ. ರಾತ್ರಿ ನೆನೆಸಿ, ಬೆಳಿಗ್ಗೆ ಅರಿವೆಯಲ್ಲಿ ಕಟ್ಟಿಟ್ಟರೆ ಮಾರನೇ ದಿನಕ್ಕೆ ಮೊಳಕೆ. ಒಂದು ವಾಟಿ ಕಾಳು ಎರಡು ವಾಟಿಗಿಂತ ಹೆಚ್ಚಾಗುತ್ತದೆ, ಬೇಗ ಬೇಯುತ್ತದೆ, ಗ್ಯಾಸೂ ಉಳಿಯುತ್ತದೆ.

ತಪ್ಪಲುಪಲ್ಯ ಸ್ವಲ್ಪವೇ ಇದ್ದರೆ ಹಿಟ್ಟಿನ ಪಲ್ಯ ಮಾಡಿ. ಮೆಂತ್ಯದ ಒಂದು ಸೂಡು ಸಣ್ಣಗೆ ಹೆಚ್ಚಿ. ಎರಡು ಚಮಚ ಎಣ್ಣೆಯಲ್ಲಿ ಸಾಸಿವೆ, ಜೀರಿಗೆ, ಬೆಳ್ಳುಳ್ಳಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಒಗ್ಗರಣೆ ಕೊಟ್ಟು ತಪ್ಪಲು ಬಾಡಿಸಿ. ಉಪ್ಪು, ಅರಿಶಿನ ಹಾಕಿ, ನೀರು ಚಿಮುಕಿಸಿ, ಮೇಲೆ ಅರ್ಧ ವಾಟಿ ಕಡಲೆಹಿಟ್ಟು ಉದುರಿಸಿ ಸಣ್ಣ ಉರಿಯಲ್ಲಿ ಮುಚ್ಚಿಡಿ. ಐದಾರು ನಿಮಿಷಕ್ಕೆ ನಾಲ್ಕು ಜನರ ರೊಟ್ಟಿಗೆ ಪಲ್ಯ ರೆಡಿ!

ಸಂತೆಗೆ ಸಂಜೆ ಹೋದರೆ ಕಾಯಿಪಲ್ಯ ಅಗ್ಗಕ್ಕೆ ಸಿಗುವುದುಂಟು. ಹೆಚ್ಚು ಸಿಕ್ಕಾಗ ಚವಳಿಕಾಯಿ, ಮೆಂತ್ಯ ನೆರಳಲ್ಲಿ ಒಣಗಿಸಿಟ್ಟುಕೊಳ್ಳಿ.

ಡಬ್ಬಿಯೊಳಗ ಹಿಂಡಿ ಇರಲಿ

ಪಲ್ಯ ಇಲ್ಲದ ದಿನ ಉಪವಾಸ ಬೀಳದಂತೆ ಕಾಪಾಡುವುದು ಶೇಂಗಾ, ಅಗಸಿ, ಗುರೆಳ್ಳು ಹಿಂಡಿ. ಒಂದು ವಾಟಿ ಅಗಸಿ ಚಟಪಟ ಅನ್ನುವವರೆಗೆ ಹುರಿದು, ಖಾರ, ಬೆಳ್ಳುಳ್ಳಿ, ಜೀರಿಗೆ, ಉಪ್ಪು ಸೇರಿಸಿ ಕುಟ್ಟಿದರೆ ವಾರಕ್ಕೆ ಸಾಕು. ಅಗಸಿಯಲ್ಲಿ ಒಮೆಗಾ-3 ಎಂಬ ಒಳ್ಳೆಯ ಕೊಬ್ಬಿದೆ. ಶೇಂಗಾದಲ್ಲಿ ಪ್ರೋಟೀನ್ ಬೇಳೆಯಷ್ಟೇ ಇದೆ. ಅಂಗಡಿ ಪಾಕೀಟಿನ ರೊಕ್ಕದಲ್ಲೇ ಮಕ್ಕಳಿಗೆ ಹುರಿದ ಶೇಂಗಾ, ಬೆಲ್ಲ ಕೊಡಬಹುದು.

ಎಣ್ಣೆಗೂ ಒಂದು ಲೆಕ್ಕ ಇರಲಿ. ತಿಂಗಳಿಗೆ ತಲಾ ಅರ್ಧ ಲೀಟರ್ ಎಂದು ಮೊದಲೇ ಅಳೆದು ತೆಗೆದಿಡಿ. ಕರಿದದ್ದು ತಾನಾಗಿ ಕಡಿಮೆಯಾಗುತ್ತದೆ.

ಲಿಂಬಿಹಣ್ಣು ಮರೀಬ್ಯಾಡ್ರಿ

ಇಂಡಿ ಲಿಂಬೆಗೆ 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಲೋಕಕ್ಕೆಲ್ಲ ಗೊತ್ತಾದ ಹಣ್ಣು ನಮ್ಮ ತಾಟಿನಲ್ಲಿ ಇರದಿದ್ದರೆ ಹೇಗೆ? ಕಾಳು, ತಪ್ಪಲಿನಲ್ಲಿರುವ ಕಬ್ಬಿಣಾಂಶ ಮೈಗೆ ಹತ್ತಲು ಸಿ ಜೀವಸತ್ವ ಬೇಕು. ಪಲ್ಯ ಒಲೆಯಿಂದ ಇಳಿಸಿದ ಮೇಲೆ ಅರ್ಧ ಹೋಳು ಹಿಂಡಿ. ಕುದಿಸಬೇಡಿ, ಆ ಸತ್ವ ಹಾಳಾಗುತ್ತದೆ. ಊಟವಾದ ಕೂಡಲೇ ಚಹಾ ಕುಡಿದರೆ ಕಬ್ಬಿಣಾಂಶ ಸರಿಯಾಗಿ ಹೀರಿಕೆಯಾಗುವುದಿಲ್ಲ. ಒಂದು ತಾಸಾದರೂ ಬಿಟ್ಟು ಕುಡಿಯಿರಿ.

ನಿಮ್ಮ ತಾಟಿನಾಗ ಏನೈತಿ?

ಕೊನೆಯದಾಗಿ ಒಂದು ಮಾತು. ಯಜಮಾನರಿಗೆ, ಮಕ್ಕಳಿಗೆ, ಅತ್ತೆ-ಮಾವನಿಗೆ ಬಡಿಸಿ, ಬೋಗುಣಿಯ ತಳದಲ್ಲಿ ಉಳಿದ ತಿಳಿಸಾರಿನಲ್ಲಿ ತಂಗಳ ರೊಟ್ಟಿ ಅದ್ದಿಕೊಂಡು ಉಣ್ಣುವವರು ನಮ್ಮಲ್ಲಿ ಎಷ್ಟು ಜನ! ‘ನನಗ ಹಸಿವಿಲ್ಲ’ ಅನ್ನುವುದನ್ನೂ ನಾವು ಉಳಿತಾಯದ ಲೆಕ್ಕಕ್ಕೆ ಹಿಡಿದುಬಿಟ್ಟಿದ್ದೇವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ಹೆಂಗಸರಲ್ಲಿ ಹೆಚ್ಚೂಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಮೆಟ್ಟಿಲು ಹತ್ತಿದರೆ ಏದುಸಿರು, ಕಣ್ಣಿಗೆ ಕತ್ತಲೆ, ಸದಾ ದಣಿವು... ಇದನ್ನು ‘ಹೆಣ್ಮಕ್ಕಳಿಗೆ ಇದ್ದದ್ದೇ’ ಅಂತ ಬಿಡಬೇಡಿ. ಸರಕಾರಿ ಆಸ್ಪತ್ರೆಯಲ್ಲಿ ರಕ್ತ ತಪಾಸಣೆ ಮಾಡಿಸಿಕೊಳ್ಳಿ.

ಇವತ್ತು ರಾತ್ರಿಯಿಂದಲೇ ಶುರು ಮಾಡ್ರಿ. ಬಡಿಸುವ ಮೊದಲು ಎಲ್ಲರ ತಾಟಿನ ಜೊತೆ ನಿಮ್ಮ ತಾಟನ್ನೂ ಇಡಿ. ಪಲ್ಯವನ್ನು ಅಷ್ಟೂ ತಾಟಿಗೆ ಸಮನಾಗಿ ಹಂಚಿ. ಸಾಧ್ಯವಾದರೆ ಕೂಡಿ ಉಣ್ಣಿ. ಇದಕ್ಕೇನೂ ಹೆಚ್ಚಿನ ರೊಕ್ಕ ಬೇಕಿಲ್ಲ ನೋಡ್ರಿ. ಮನೆಯ ಒಲೆ ಉರಿಯಬೇಕಾದರೆ ಅದನ್ನು ಹಚ್ಚುವ ಕೈಯಲ್ಲೂ ಕಸುವು ಇರಬೇಕಲ್ಲ!