ಮನೆತನವೇ ತಂಡ: ಕೊಡವ ಹಾಕಿ ಹಬ್ಬ ಬೆಳೆದು ಬಂದ ಬಗೆ

ಸವಣೂರು, ಶಿಗ್ಗಾಂವಿ, ಹಾನಗಲ್ ಸೀಮೆಯಲ್ಲಿ ಜಾತ್ರೆ ಎಂದರೆ ತೇರಿನ ಜೊತೆಗೆ ಕುಸ್ತಿ, ಕಬಡ್ಡಿಗಳೂ ನೆನಪಾಗುತ್ತವೆ. ಬಹುಮಾನದ ಮೊತ್ತ ದೊಡ್ಡದಾದ ಪಂದ್ಯಗಳಲ್ಲಿ ತಂಡದ ಹೆಸರಷ್ಟೇ ಊರಿನದು, ಆಡುವವರು ಹೊರಗಿನವರು ಎಂಬ ದೂರು ಹೊಸದಲ್ಲ. ಹೊರಗಿನ ಆಟಗಾರನಿಗೆ ಪ್ರವೇಶವೇ ಇಲ್ಲದ ಪಂದ್ಯಾವಳಿಯೊಂದು ನಮ್ಮ ರಾಜ್ಯದಲ್ಲಿಯೇ ಇದೆ. ಅದು ಕೊಡಗಿನ ಕೌಟುಂಬಿಕ ಹಾಕಿ ಹಬ್ಬ. ಕೊಡವ ಭಾಷೆಯಲ್ಲಿ ಇದಕ್ಕೆ ಹಾಕಿ ನಮ್ಮೆ ಎನ್ನುತ್ತಾರೆ.

ಇದಕ್ಕೆ ನಾಂದಿ ಹಾಡಿದವರು ಪಾಂಡಂಡ ಕುಟ್ಟಪ್ಪ. 1997ರಲ್ಲಿ ವಿರಾಜಪೇಟೆ ತಾಲ್ಲೂಕಿನ ಕರಡ ಗ್ರಾಮದಲ್ಲಿ ಮೊದಲ ಪಂದ್ಯಾವಳಿ ನಡೆದಾಗ ಭಾಗವಹಿಸಿದ್ದು 60 ಕುಟುಂಬಗಳು. ಸೇನೆಯ ನಂಟಿನಿಂದ ಕೊಡಗಿನಲ್ಲಿ ಹಾಕಿ ಅದಾಗಲೇ ಬೇರೂರಿತ್ತು. 1973ರ ವಿಶ್ವಕಪ್‌ನಲ್ಲಿ ಭಾರತ ತಂಡದ ನಾಯಕರಾಗಿದ್ದ ಎಂ.ಪಿ. ಗಣೇಶ್, 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ನಾಯಕರಾಗಿದ್ದ ಎಂ.ಎಂ. ಸೋಮಯ್ಯ ಇದೇ ಮಣ್ಣಿನವರು. ಆದರೆ ಕುಟ್ಟಪ್ಪನವರ ಮನಸ್ಸಿನಲ್ಲಿದ್ದುದು ಒಲಿಂಪಿಕ್ಸ್ ಅಲ್ಲ. ಉದ್ಯೋಗವನ್ನರಸಿ ದೇಶದೆಲ್ಲೆಡೆ ಚದುರಿದ ಮನೆಮಂದಿಯನ್ನು ವರ್ಷಕ್ಕೊಮ್ಮೆಯಾದರೂ ಒಂದೆಡೆ ಸೇರಿಸುವುದು.

ಕೊಡವರ ಹೆಸರಿನಲ್ಲಿ ಮನೆತನ ಮೊದಲು, ವ್ಯಕ್ತಿ ಅನಂತರ. ಈ ಮನೆತನಕ್ಕೆ 'ಒಕ್ಕ' ಎಂದು ಹೆಸರು. ಹಬ್ಬದಲ್ಲಿ ಒಂದು ಒಕ್ಕವೆಂದರೆ ಒಂದು ತಂಡ. ಎದುರಾಳಿ ಮನೆತನ ಎಷ್ಟೇ ಬಲಿಷ್ಠವಾಗಿರಲಿ, ಅದರ ಆಟಗಾರನನ್ನು ಸೆಳೆದುಕೊಳ್ಳುವಂತಿಲ್ಲ. ಒಂದೇ ತಂಡದಲ್ಲಿ ಅಜ್ಜ, ಮೊಮ್ಮಗ, ಸೊಸೆ ಕೂಡಿ ಆಡಿದರೂ ಯಾರಿಗೂ ಅಚ್ಚರಿಯಿಲ್ಲ. ಗಾಳಿಯಲ್ಲಿ ಗುಂಡು ಹಾರಿಸಿ ಹಬ್ಬಕ್ಕೆ ಚಾಲನೆ ನೀಡುವುದು ವಾಡಿಕೆ. ಪ್ರತಿವರ್ಷ ಒಂದೊಂದು ಒಕ್ಕ ಆತಿಥ್ಯ ವಹಿಸುತ್ತದೆ, ಕಪ್ ಆ ಮನೆತನದ ಹೆಸರನ್ನೇ ಹೊರುತ್ತದೆ.

ಇದಕ್ಕೆ ಸಮೀಪದ ಹೋಲಿಕೆ ದೂರದ ಐರ್ಲೆಂಡ್‌ನಲ್ಲಿ ಸಿಗುತ್ತದೆ. ಚೆಂಡನ್ನು ಕೈಯಿಂದಲೂ ಕಾಲಿನಿಂದಲೂ ಆಡುವ ಗೇಲಿಕ್ ಫುಟ್‌ಬಾಲ್ ಅಲ್ಲಿನ ಹಳ್ಳಿಗಳ ಆಟ. 1884ರಲ್ಲಿ ಥರ್ಲ್ಸ್ ಪಟ್ಟಣದಲ್ಲಿ ಸ್ಥಾಪನೆಯಾದ ಸಂಸ್ಥೆಯೊಂದು ಅದನ್ನು ನಡೆಸುತ್ತದೆ. ಹುಟ್ಟಿ ಬೆಳೆದ ಊರಿನ ಕ್ಲಬ್ಬಿಗೇ ಆಡುವುದು ಅಲ್ಲಿನ ರೂಢಿ, ಆಟಕ್ಕೆ ಸಂಬಳವಿಲ್ಲ. ಗ್ರೇಂಜ್‌ಮೋಕ್ಲರ್ ಎಂಬ ಪುಟ್ಟ ಹಳ್ಳಿಯ ಕ್ಲಬ್ಬಿನ ಮೈಕಲ್ ಹೋಗನ್, 1920ರ ನವೆಂಬರ್ 21ರಂದು ಡಬ್ಲಿನ್ನಿನ ಕ್ರೋಕ್ ಪಾರ್ಕ್ ಮೈದಾನದಲ್ಲಿ ಆಡುತ್ತಿದ್ದಾಗ ಬ್ರಿಟಿಷ್ ಪಡೆಗಳ ಗುಂಡಿಗೆ ಬಲಿಯಾದ. ಆ ಮೈದಾನದ ಪ್ರಮುಖ ಪ್ರೇಕ್ಷಕ ಗ್ಯಾಲರಿಗೆ ಇಂದಿಗೂ ಅವನದೇ ಹೆಸರು. ಜಲಿಯನ್‌ವಾಲಾಬಾಗ್ ನಡೆದು ಆಗಿನ್ನೂ ಎರಡು ವರ್ಷ ತುಂಬಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬಹುದು. ಈಗ ಯುವಕರು ನಗರಗಳಿಗೂ ವಿದೇಶಗಳಿಗೂ ಹೊರಟು, ಆಟಗಾರರು ಸಾಲದೆ ಅಕ್ಕಪಕ್ಕದ ಹಳ್ಳಿಗಳು ಕೂಡಿ ಒಂದೇ ತಂಡ ಕಟ್ಟುವುದುಂಟು.

ಕೊಡಗಿನ ಹಬ್ಬಕ್ಕೂ ವಿಘ್ನಗಳು ಬಂದಿವೆ. 2018ರ ಮಹಾಮಳೆ, ಭೂಕುಸಿತ, ಅದರ ಬೆನ್ನಿಗೇ ಕೋವಿಡ್. ಹೀಗೆ ನಾಲ್ಕು ವರ್ಷ ನಿಂತಿದ್ದ ಹಬ್ಬ 2023ರಲ್ಲಿ ನಾಪೋಕ್ಲುವಿನಲ್ಲಿ ಮತ್ತೆ ನಡೆಯಿತು. ಮರುವರ್ಷ ಅಲ್ಲಿಯೇ ನಡೆದ ಕುಂಡ್ಯೋಳಂಡ ಕಪ್‌ನಲ್ಲಿ 360 ತಂಡಗಳು ಪಾಲ್ಗೊಂಡು ಗಿನ್ನೆಸ್ ದಾಖಲೆಯಾಯಿತು. 2025ರಲ್ಲಿ ಮಡಿಕೇರಿಯ ಮುದ್ದಂಡ ಕಪ್‌ಗೆ 396 ತಂಡಗಳು ಹೆಸರು ನೋಂದಾಯಿಸಿದವು.

ಇಷ್ಟೊಂದು ತಂಡಗಳೆಂದರೆ ಸುಮಾರು ಒಂದು ತಿಂಗಳ ಪಂದ್ಯಾವಳಿ, ಅದಕ್ಕೆ ತಕ್ಕ ಖರ್ಚು. ಸಣ್ಣ ಒಕ್ಕಗಳ ಚಿಂತೆ ಬೇರೆಯೇ: ಮನೆಯೊಳಗಿಂದಲೇ ಹನ್ನೊಂದು ಮಂದಿಯನ್ನು ಹೊಂದಿಸಬೇಕು. ಅದಕ್ಕಾಗಿ ಬೆಂಗಳೂರು, ಮೈಸೂರುಗಳಲ್ಲಿರುವ ಬಂಧುಗಳಿಗೆ ರಜೆ ಹಾಕಿ ಬರುವಂತೆ ಮೊದಲೇ ಹೇಳಿಕಳುಹಿಸಬೇಕಾಗುತ್ತದೆ.