ಎಮ್ಮೆ ಮೇಲೆ ಕೂತು ಹಾಡಿದ ಮುತ್ತುರಾಜ

“ಓದದಿದ್ರೆ ಎಮ್ಮೆ ಕಾಯಕ್ಕೆ ಹೋಗ್ಬೇಕಾಗುತ್ತೆ” ಅಂತ ಬೈಸಿಕೊಳ್ಳದವರು ನಮ್ಮ ತರಗತಿಯಲ್ಲಿ ಯಾರಿದ್ದಾರೆ? ರಜೆ ಬಂದರೆ ನಮ್ಮಲ್ಲಿ ಅರ್ಧ ಜನ ಕಾಫಿ ತೋಟದ ಬದಿಯಲ್ಲಿ ದನ, ಎಮ್ಮೆ ಮೇಯಿಸುವವರೇ. ಅದಕ್ಕೇ ಈ ಸಲ ಎಮ್ಮೆ ಮೇಲೆ ಕೂತು ಹಾಡಿದ ಡಾ. ರಾಜ್‌ಕುಮಾರ್ ಬಗ್ಗೆ ಬರೆದಿದ್ದೇನೆ. ಚಿತ್ರ 1974ರ ‘ಸಂಪತ್ತಿಗೆ ಸವಾಲ್’, ಹಾಡು ‘ಯಾರೇ ಕೂಗಾಡಲಿ’. ನಾಯಕನ ಹೆಸರು ಭದ್ರ, ನಮ್ಮ ಹೊಳೆಯ ಹೆಸರೇ!

ಸಿನಿಮಾದಲ್ಲಿ ಸಾಮಾನ್ಯವಾಗಿ ಹಾಡುವವರು ಬೇರೆ, ತುಟಿ ಆಡಿಸುವವರು ಬೇರೆ. ಹಾಡನ್ನು ಮೊದಲೇ ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿರುತ್ತಾರೆ. ಶೂಟಿಂಗ್ ದಿನ ಅದನ್ನು ಹಾಕಿದಾಗ ನಟರು ಅದಕ್ಕೆ ಸರಿಯಾಗಿ ತುಟಿ ಆಡಿಸಬೇಕು. ಇದೇ ಹಿನ್ನೆಲೆ ಗಾಯನ. ರಾಜ್‌ಕುಮಾರ್ 1954ರ ‘ಬೇಡರ ಕಣ್ಣಪ್ಪ’ದಲ್ಲೇ ನಾಯಕರಾದರು. 1956ರ ‘ಓಹಿಲೇಶ್ವರ’ದಲ್ಲಿ ಹಾಡಿಯೂ ಇದ್ದರು. ಆದರೂ ಬಹಳ ವರ್ಷ ಅವರಿಗೆ ಹಾಡುತ್ತಿದ್ದವರು ಪಿ.ಬಿ. ಶ್ರೀನಿವಾಸ್. ಎರಡು ದನಿಯೂ ಹೊಂದಿಕೊಂಡು ಎಷ್ಟೋ ಜನಕ್ಕೆ ವ್ಯತ್ಯಾಸವೇ ಗೊತ್ತಾಗುತ್ತಿರಲಿಲ್ಲವಂತೆ. ಈ ಎಮ್ಮೆ ಹಾಡು ಗೆದ್ದ ಮೇಲೆ ಅವರು ತಮ್ಮ ಹಾಡುಗಳನ್ನು ತಾವೇ ಹಾಡತೊಡಗಿದರು.

ಆ ಗಂಟಲು ಎಲ್ಲಿಂದ ಬಂತು? ಅವರ ನಿಜವಾದ ಹೆಸರು ಮುತ್ತುರಾಜ. 1929ರ ಏಪ್ರಿಲ್ 24ರಂದು ಗಾಜನೂರಿನಲ್ಲಿ ಹುಟ್ಟಿದರು. ಅದು ಈಗ ತಮಿಳುನಾಡಿಗೆ ಸೇರಿದೆ, ತಾಳವಾಡಿ ಕಡೆ. ಆದರೆ ಅಲ್ಲಿಯ ಜನರ ಮಾತು ಕನ್ನಡ. ತಂದೆ ಪುಟ್ಟಸ್ವಾಮಯ್ಯ ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಪಾತ್ರ ಮಾಡುತ್ತಿದ್ದರು. ಮನೆಯಲ್ಲಿ ಬಡತನ. ಹುಡುಗ ಶಾಲೆ ಬಿಟ್ಟು ಚಿಕ್ಕಂದಿನಲ್ಲೇ ನಾಟಕಕ್ಕೆ ಸೇರಿದ. ಕಂಪನಿ ನಾಟಕದಲ್ಲಿ ಹಿನ್ನೆಲೆ ಗಾಯನ ಎಲ್ಲಿಂದ ಬರಬೇಕು? ಹಾರ್ಮೋನಿಯಂ ಜೊತೆಗೆ ಪಾತ್ರಧಾರಿಯೇ ಹಾಡಬೇಕು, ಅದೂ ಹಿಂದಿನ ಸಾಲಿನವರಿಗೂ ಕೇಳುವ ಹಾಗೆ. ‘ಸಂಪತ್ತಿಗೆ ಸವಾಲ್’ ಕೂಡ ಮೊದಲು ನಾಟಕವೇ, ಬರೆದವರು ಪಿ.ಬಿ. ಧುತ್ತರಗಿ. ಹಾಗಾಗಿ ಆ ಹಾಡಿನಲ್ಲಿ ಕಾಣುವ ಹಳ್ಳಿಯೂ ಅವರದ್ದೇ, ನಾಟಕವೂ ಅವರದ್ದೇ ಅಂತ ನನಗನ್ನಿಸುತ್ತದೆ.

ಆಗ ಅವರು ಮದರಾಸಿನಲ್ಲಿ ನೆಲೆಸಿದ್ದ ದೊಡ್ಡ ನಟ. ಎಮ್ಮೆ ಬೆನ್ನು ಎಷ್ಟು ಜಾರುತ್ತೆ ಅಂತ ಹತ್ತಿ ನೋಡಿದವರಿಗೆ ಗೊತ್ತು. ಅವರು ಮಾತ್ರ ನಮ್ಮನೆ ಜಗಲಿ ಮೇಲೆ ಕೂತ ಹಾಗೆ ಕೂತಿದ್ದಾರೆ. ಎಮ್ಮೆ ಕಾಯುವವನನ್ನು ಆ ಹಾಡು ಗೇಲಿ ಮಾಡುವುದಿಲ್ಲ, ಅವನನ್ನೇ ನಾಯಕ ಮಾಡಿದೆ. ಬೈಯುವ ಮುಂಚೆ ಗುರುಗಳೂ ಒಮ್ಮೆ ನೋಡಬೇಕು (ಕ್ಷಮಿಸಿ ಸಾರ್).

ಮುಂದೆ 1992ರ ‘ಜೀವನ ಚೈತ್ರ’ದಲ್ಲಿ ಹಾಡಿದ್ದಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿಯೇ ಬಂತು. ಅದು ರಾಗ, ಆಲಾಪನೆ ತುಂಬಿದ ಕಷ್ಟದ ಹಾಡು. ನಮ್ಮಜ್ಜನಿಗೆ ಮಾತ್ರ ಎಮ್ಮೆ ಹಾಡೇ ಮೇಲು. ನನಗೂ ಅಷ್ಟೇ.