ಬರಗಾಲದಲ್ಲಿ ನದಿಯ ಪಾಲು ಎಷ್ಟು?

ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯದಲ್ಲಿ ನೀರು ಎಷ್ಟಿದೆ ಎಂದು ತಿಳಿಯಲು ಸುತ್ತಲಿನ ಜನರಿಗೆ ಮಾಪಕ ಬೇಕಿಲ್ಲ. ಹಿನ್ನೀರಿನಲ್ಲಿ ಮುಳುಗಿರುವ ಹುನ್ನೂರಿನ ವಿಠ್ಠಲ ಮಂದಿರ ಎಷ್ಟು ಕಾಣುತ್ತಿದೆ ಎಂಬುದೇ ಅವರ ಲೆಕ್ಕ. ನೀರಿಳಿದಂತೆ ಮೊದಲು ತುದಿ ಕಾಣುತ್ತದೆ, ಆಮೇಲೆ ಕಲ್ಲಿನ ಗೋಡೆ. 2023ರಲ್ಲಿ ಮುಂಗಾರು ತಡವಾದಾಗ ಜನ ಅಲ್ಲಿಗೆ ನಡೆದುಹೋಗಿ ದರ್ಶನ ಪಡೆದರು.

ಆ ವರ್ಷ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ 195 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿತು. ವರ್ಷ ಮುಗಿಯುವುದರೊಳಗೆ ಆ ಸಂಖ್ಯೆ 223ಕ್ಕೆ ಏರಿತು. ಬೆಳಗಾವಿ ನಗರಕ್ಕೆ ನೀರು ಕೊಡುವ ರಕ್ಕಸಕೊಪ್ಪ ಜಲಾಶಯ ಜೂನ್‌ನಲ್ಲೇ ತಳ ಮುಟ್ಟಿತ್ತು. ಅದರ ಭಾರವೂ ಹಿಡಕಲ್ ಮೇಲೆಯೇ ಬಿತ್ತು.

ಹುಕ್ಕೇರಿ, ಗೋಕಾಕ, ಮೂಡಲಗಿ ಸೀಮೆಗೆ ಬರ ಎರಡು ದಾರಿಯಿಂದ ಬರುತ್ತದೆ. ಘಟಪ್ರಭೆ, ಹಿರಣ್ಯಕೇಶಿ ನದಿಗಳು ತುಂಬುವುದು ಪಶ್ಚಿಮ ಘಟ್ಟದ ಮಳೆಯಿಂದ. ಅಂಬೋಲಿ ಕಡೆ ವರ್ಷಕ್ಕೆ ಐದು ಸಾವಿರ ಮಿಲಿಮೀಟರ್ ದಾಟಿ ಸುರಿದರೆ, ಮಳೆನೆರಳಿನ ಗೋಕಾಕದಲ್ಲಿ ಬೀಳುವುದು ಅದರ ಒಂದು ಸಣ್ಣ ಪಾಲು ಮಾತ್ರ. ಘಟ್ಟದಲ್ಲಿ ಮಳೆ ಕೈಕೊಟ್ಟರೆ ಘಟಪ್ರಭೆಗೆ ಕಟ್ಟಿದ, 51 ಟಿಎಂಸಿ ಸಾಮರ್ಥ್ಯದ ಹಿಡಕಲ್ ತುಂಬುವುದಿಲ್ಲ. ಊರಿನ ಮಳೆ ಕೈಕೊಟ್ಟರೆ ಕೆರೆ, ಹಳ್ಳ, ಬಾವಿಗಳು ಒಣಗುತ್ತವೆ. ಎರಡನೆಯ ಬಗೆಯ ಬರ ಕಣ್ಣಿಗೆ ಬೀಳುವುದೇ ಕಡಿಮೆ, ಏಕೆಂದರೆ ಕಾಲುವೆಯ ಪಕ್ಕದಲ್ಲಿ ಕಬ್ಬು ಹಸಿರಾಗಿಯೇ ನಿಂತಿರುತ್ತದೆ.

ಆ ಬರ ಮೊದಲು ತಟ್ಟುವುದು ಗುಡ್ಡಗಳಿಗೆ. ಗೋಕಾಕದ ಸುತ್ತಲಿನ ಕುರುಚಲು ಕಾಡಿನಲ್ಲಿ ತೋಳ, ಕತ್ತೆಕಿರುಬ, ನರಿ, ಕಾಡುಹಂದಿ, ನವಿಲುಗಳಿವೆ. ಬೇಸಿಗೆಯಲ್ಲಿ ಅವು ಬದುಕುವುದು ಹಳ್ಳದ ಮಡುವುಗಳನ್ನು ನಂಬಿ. ಹತ್ತು ಮಡುವುಗಳಲ್ಲಿ ಎರಡು ಉಳಿದರೆ ಎಲ್ಲ ಪ್ರಾಣಿಗಳೂ ಅಲ್ಲಿಗೇ ಬರಬೇಕು. ಕಾಡುಪ್ರಾಣಿ, ದನಕರು, ಕುರಿ ಮಂದೆ ಒಂದೇ ನೀರಿಗೆ ಬಾಯಿ ಹಾಕಿದಾಗ ರೋಗ ಹರಡುವುದು ಸುಲಭ. ಆ ಮಡುವೂ ಬತ್ತಿದರೆ ಪ್ರಾಣಿಗಳು ಹೊಲಕ್ಕೆ ಇಳಿಯುತ್ತವೆ. ಕಬ್ಬಿನಲ್ಲಿ ನೆರಳೂ ಇದೆ, ತಂಪೂ ಇದೆ. ತೋಳ ಕುರಿಹಟ್ಟಿಯ ಹತ್ತಿರ ಸುಳಿಯುತ್ತದೆ, ಹಂದಿ ಬೆಳೆ ತುಳಿಯುತ್ತದೆ. ಕಟ್ಟೆಯಿಲ್ಲದ ಹಾಳು ಬಾವಿ ಕತ್ತಲಲ್ಲಿ ಬಲೆಯಾಗುತ್ತದೆ.

ನದಿಯ ಕಥೆಯೂ ಬೇರೆಯಲ್ಲ. ಗೋಕಾಕ ತಾಲ್ಲೂಕಿನ ಧೂಪದಾಳದಲ್ಲಿ ಬ್ರಿಟಿಷರ ಕಾಲದ ಅಡ್ಡಗಟ್ಟೆಯಿದೆ. ಅದರ ಹಿನ್ನೀರೇ 1974ರಲ್ಲಿ ಘೋಷಣೆಯಾದ, ಸುಮಾರು 30 ಚದರ ಕಿ.ಮೀ. ವಿಸ್ತಾರದ ಘಟಪ್ರಭಾ ಪಕ್ಷಿಧಾಮ. ಚಳಿಗಾಲದಲ್ಲಿ ಡೆಮೊಸೆಲ್ ಕ್ರೇನ್‌ಗಳೂ ಯುರೋಪಿನ ಬಿಳಿ ಕೊಕ್ಕರೆಗಳೂ ಇಲ್ಲಿಗೆ ಬರುತ್ತವೆ. ನೀರು ತುಸು ಇಳಿದರೆ ಕೆಸರಿನಲ್ಲಿ ಹುಳ, ಸಣ್ಣ ಮೀನು ಸಿಕ್ಕು ಹಕ್ಕಿಗಳಿಗೆ ಅನುಕೂಲವೇ. ಆದರೆ ಪೂರ್ತಿ ಇಳಿದರೆ ಬಿಸಿಯೇರಿದ ನೀರಿನಲ್ಲಿ ಆಮ್ಲಜನಕ ಕುಸಿದು ಮೀನು ಸಾಯುತ್ತದೆ. ನಡುಗಡ್ಡೆಯ ಗೂಡುಗಳಿಗೆ ನಾಯಿ, ನರಿ ನಡೆದೇ ಹೋಗುತ್ತವೆ.

ಮನುಷ್ಯರ ಕುಡಿಯುವ ನೀರೂ ಇದೇ ನದಿಯಿಂದ ಬರಬೇಕು. ನದಿ ನಿಂತರೆ ದಂಡೆಯಲ್ಲಿ ನೀರೆತ್ತುವ ಜಾಕ್‌ವೆಲ್ ಬತ್ತುತ್ತದೆ, ಬಹುಗ್ರಾಮ ಯೋಜನೆಯ ನಲ್ಲಿ ನಿಲ್ಲುತ್ತದೆ, ಬೋರ್‌ವೆಲ್ ಇನ್ನಷ್ಟು ಆಳಕ್ಕೆ ಹೋಗುತ್ತದೆ. ಆಗ ಜಲಾಶಯದಿಂದ ಕುಡಿಯಲೆಂದು ನೀರು ಬಿಡುತ್ತಾರೆ. ಅದು ದಾರಿಯಲ್ಲೇ ಹೊಲ ಸೇರಬಾರದೆಂದು ದಂಡೆಯ ಪಂಪ್‌ಸೆಟ್‌ಗಳ ಕರೆಂಟ್ ತೆಗೆಯುವುದು ಬೆಳಗಾವಿ ಜಿಲ್ಲೆಯ ಬೇಸಿಗೆಯ ರೂಢಿ. ಒಣಗುವ ಬೆಳೆಯ ಮುಂದೆ ನಿಂತ ರೈತನಿಗೆ ಅದು ಸಂಕಟ. ಕಾಲುವೆಯ ತುದಿಯ ಊರುಗಳ ಗೋಳು ಬೇರೆಯೇ. ಸರದಿ ಬರುವ ಹೊತ್ತಿಗೆ ನೀರೇ ಇರುವುದಿಲ್ಲ.

2019ರ ಬೇಸಿಗೆಯಲ್ಲಿ ಕೃಷ್ಣೆ ಬತ್ತಿ, ಕೊಯ್ನಾ ಜಲಾಶಯದಿಂದ ನೀರು ಬಿಡಿ ಎಂದು ಕರ್ನಾಟಕ ಮಹಾರಾಷ್ಟ್ರವನ್ನು ಕೇಳಬೇಕಾಯಿತು. ಅದೇ ವರ್ಷ ಆಗಸ್ಟ್‌ನಲ್ಲಿ ಗೋಕಾಕ ಪಟ್ಟಣಕ್ಕೆ ಪ್ರವಾಹ ನುಗ್ಗಿತು. ಮೂರೇ ತಿಂಗಳಲ್ಲಿ ಇಲ್ಲದ ನೀರು ಹೀಗೆ ಊರನ್ನೇ ಮುಳುಗಿಸಿತೆಂದರೆ, ಬಂದಾಗ ಹಿಡಿದಿಟ್ಟುಕೊಳ್ಳುವ ಕೆಲಸ ಎಷ್ಟು ಬಾಕಿಯಿದೆ ಎಂಬುದು ತಿಳಿಯುತ್ತದೆ.

ಮಳೆಗಾಲದಲ್ಲೇ ಕಾಲುವೆಯಿಂದ ಕೆರೆ ತುಂಬಿಸಿಕೊಳ್ಳುವುದು, ಹೂಳು ತೆಗೆಯುವುದು, ಕಬ್ಬಿಗೆ ಹನಿ ನೀರಾವರಿ, ಗುಡ್ಡದ ಹಳ್ಳಗಳಿಗೆ ಸಣ್ಣ ತಡೆಗಳು, ಹಾಳು ಬಾವಿಗೆ ಕಟ್ಟೆ: ಇವೆಲ್ಲ ಗೊತ್ತಿರುವ ದಾರಿಗಳೇ. ಕಾಡಿನಲ್ಲಿ ತೊಟ್ಟಿ ಕಟ್ಟಿ ಟ್ಯಾಂಕರ್ ನೀರು ಸುರಿಯುವುದು ತುರ್ತಿಗೆ ಸರಿ, ಪ್ರತಿ ವರ್ಷದ ಉತ್ತರವಲ್ಲ. ನೀರಾವರಿ ಸಲಹಾ ಸಮಿತಿ ಹಂಗಾಮಿನ ನೀರು ಹಂಚುವ ದಿನ ಕುಡಿಯುವ ನೀರು, ಬೆಳೆ, ಕಾರ್ಖಾನೆಗಳ ಜೊತೆಗೆ ಧೂಪದಾಳದ ಹಿನ್ನೀರಿಗೂ ಒಂದು ಕನಿಷ್ಠ ಮಟ್ಟ ಬರೆದಿಡಬೇಕು. ಗೋಕಾಕದಲ್ಲಿ ಕಚೇರಿಯಿರುವ ಅರಣ್ಯ ಇಲಾಖೆಯ ಘಟಪ್ರಭಾ ವಿಭಾಗ ಯಾವ ಹಳ್ಳಕ್ಕೆ ಯಾವ ತಿಂಗಳು ಎಷ್ಟು ನೀರು ಬೇಕು ಎಂಬ ಪಟ್ಟಿಯನ್ನು, ಬರ ಘೋಷಣೆಗೆ ಕಾಯದೆ, ಆ ಸಭೆಯ ಮುಂದಿಡಬೇಕು.